ಕ್ವಾರಂಟೈನ್ ಟ್ಯಾಂಕಲ್ಲಿ ಮೀನು ಉಳೀತಾನೇ ಇಲ್ಲ, ಏನ್ ಮಾಡ್ಲಿ?

ಪ್ರಶ್ನೆ: ಮೇನ್ ಟ್ಯಾಂಕ್ ಒಂದು ವರ್ಷದಿಂದ ಚೆನ್ನಾಗೇ ಇದೆ, ಆದ್ರೆ ಹೊಸ ಮೀನು ತಂದು 40 ಲೀಟರ್ ಕ್ವಾರಂಟೈನಲ್ಲಿ (ರೋಗ ಇದ್ಯಾ ಅಂತ ಸ್ವಲ್ಪ ದಿನ ಬೇರೆ ಇಟ್ಟು ನೋಡೋ ಟ್ಯಾಂಕ್) ಬಿಟ್ರೆ ನಾಲ್ಕೈದು ದಿನಕ್ಕೆ ಹೋಗ್ಬಿಡುತ್ತೆ. ಈ ಸಲ ಎರಡು ಕ್ಲೌನ್‌ಫಿಶ್, ಮೊದಲನೇ ದಿನ ಗಬಗಬ ತಿಂದ್ವು, ಮೂರನೇ ದಿನ ಮೇಲ್ಗಡೆ ಬಂದು ಕಿವಿರು ಪಟಪಟ ಬಡೀತಾ ಇದ್ವು, ಬೆಳಿಗ್ಗೆ ನೋಡಿದ್ರೆ ಒಂದು ಸತ್ತಿತ್ತು. ಔಷಧಿ ಹಾಕೇ ಇಲ್ಲ, ಉಪ್ಪು 1.025 (ಸಾಪೇಕ್ಷ ಸಾಂದ್ರತೆ, ಸಮುದ್ರದ ನೀರಿನಷ್ಟೇ), ನೀರು ಕನ್ನಡಿ ಥರ ಇದೆ. ರೋಗಾನಾ?

ಉತ್ತರ 1: ಅಮೋನಿಯಾ ನೋಡಿದ್ರಾ? ನೀರು ಕನ್ನಡಿ ಥರ ಇದ್ರೂ ಅದು ಕಣ್ಣಿಗೆ ಕಾಣಲ್ಲ ಗುರೂ. ಹೊಸ ಫಿಲ್ಟರಲ್ಲಿ ಅಮೋನಿಯಾ ಕರಗಿಸೋ ಬ್ಯಾಕ್ಟೀರಿಯಾ ಇರಲ್ಲ, ತಿಂದಿದ್ದು ಬಿಟ್ಟಿದ್ದು ಎಲ್ಲಾ ಅಮೋನಿಯಾ ಆಗಿ ಅಲ್ಲೇ ನಿಲ್ಲುತ್ತೆ, ಅದೂ ಪಿಎಚ್ 8.2 ಹತ್ರ ಇರೋ ನೀರಲ್ಲಿ ಅದರ ವಿಷ ಜಾಸ್ತಿ. ಒಂದು ಸ್ಪಾಂಜ್ ಫಿಲ್ಟರ್ ಯಾವಾಗ್ಲೂ ಮೇನ್ ಟ್ಯಾಂಕಿನ ಸಂಪಲ್ಲಿ (ಫಿಲ್ಟರ್ ಇಡೋ ಕೆಳಗಿನ ತೊಟ್ಟಿ) ಬಿದ್ದಿರ್ಲಿ, ಬ್ಯಾಕ್ಟೀರಿಯಾ ಅದ್ರಲ್ಲಿ ಬೆಳ್ಕೊಳುತ್ತೆ, ಮೀನು ತರೋ ದಿನ ಎತ್ತಿ ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು: ಈಗ್ಲೇ ಟೆಸ್ಟ್ ಮಾಡ್ದೆ, ಅಮೋನಿಯಾ 1 ಪಿಪಿಎಂ (ಲೀಟರಿಗೆ ಸುಮಾರು 1 ಮಿ.ಗ್ರಾಂ) ಇದೆ 😞 ಅಮೋನಿಯಾ ಕಟ್ಟಿಹಾಕೋ ಲಿಕ್ವಿಡ್ ಇದೆ, ಅದನ್ನ ಹಾಕಿ ಜೊತೆಗೇ ಕಾಪರ್ (ಪರೋಪಜೀವಿಗೆ ಹಾಕೋ ತಾಮ್ರದ ಔಷಧಿ) ಶುರು ಮಾಡ್ಲಾ?

ಉತ್ತರ 2: ಅಯ್ಯೋ ಎರಡೂ ಒಟ್ಟಿಗೆ ಬೇಡವೇ ಬೇಡ, ಕೆಲವು ಲಿಕ್ವಿಡ್ ಕಾಪರ್ ಜೊತೆ ಸೇರಿ ಮೀನಿಗೇ ವಿಷ ಆಗುತ್ತೆ. ಈಗ ಅರ್ಧ ನೀರು ಬದಲಾಯ್ಸಿ, ಉಪ್ಪು ಟೆಂಪರೇಚರ್ ಎರಡೂ ಮ್ಯಾಚ್ ಆಗಿರ್ಲಿ, ಏರ್ ಪಂಪ್ ಜೋರಾಗಿ ಬಿಡಿ. ಇನ್ನೊಂದು, ಒಳಗೆ ಕಲ್ಲು ಮರಳು ಇದ್ರೆ ತೆಗೀರಿ, ನಾಳೆ ಕಾಪರ್ ಹಾಕಿದ್ರೆ ಅದೇ ಹೀರ್ಕೊಳುತ್ತೆ. ಅಡಗಕ್ಕೆ ಪಿವಿಸಿ ಪೈಪ್ ತುಂಡು ಸಾಕು, ನೋಡಕ್ಕೆ ಚೆಂದ ಇರಲ್ಲ ಅಷ್ಟೆ.