ಅಟ್ಟದ ಬಿಸಿ ಮಗಳ ಕೋಣೆಗೆ ಇಳಿಯದಂತೆ

ಎಲ್ಲರಿಗೂ ನಮಸ್ಕಾರ.

ಆಸ್ಟಿನ್ ಬಳಿ ಹೊಸದಾಗಿ ಮನೆ ಕೊಂಡಿರುವ ಸಹೋದರಿಯೊಬ್ಬರು ನಿನ್ನೆ ಕೇಳಿದ್ದರು: ಮಹಡಿಯ ಮೇಲಿನ ಮಕ್ಕಳ ಕೋಣೆ ಸಂಜೆಯಾದರೆ ಕಾದ ಕಾವಲಿ, ಅಟ್ಟಕ್ಕೆ ಬೆಳ್ಳಿ ಬಣ್ಣದ ಹಾಳೆ ಹೊಡೆಸಿದರೆ ಬಿಲ್ ಅರ್ಧಕ್ಕೆ ಇಳಿಯುತ್ತದೆ ಎಂದು ಮನೆ ಬಾಗಿಲಿಗೆ ಬಂದವರೊಬ್ಬರು ಹೇಳಿದರು, ನಂಬಬಹುದೇ? ಅರ್ಧಕ್ಕೆ ಖಂಡಿತ ಇಳಿಯುವುದಿಲ್ಲ. ಆದರೆ ಟೆಕ್ಸಾಸಿನ ಮನೆಗೆ ಆ ಹಾಳೆ ಒಳ್ಳೆಯದೇ. ಎರಡೂ ಮಾತು ಅನುಭವದಿಂದ ಹೇಳುತ್ತಿದ್ದೇನೆ.

ನಮ್ಮ ಮಗಳು ಕನ್ನಡ ತರಗತಿಯ ಮನೆಪಾಠ ಬರೆಯಲು ಕೂರುವುದು ಸಂಜೆ ಐದಕ್ಕೆ. ಜುಲೈನಲ್ಲಿ ಆ ಹೊತ್ತಿಗೆ ಅವಳ ಕೋಣೆಯಲ್ಲಿ ಹತ್ತು ನಿಮಿಷ ಕೂರಲಾಗುತ್ತಿರಲಿಲ್ಲ. ಹಾಸನದಿಂದ ಬಂದಿದ್ದ ಅಮ್ಮ ರಾತ್ರಿ ಚಾಪೆ ಸುತ್ತಿಕೊಂಡು ಕೆಳಗಿನ ಹಜಾರಕ್ಕೆ ಬಂದು ಮಲಗುತ್ತಿದ್ದರು. ಊರಿನ ಹೆಂಚಿನ ಮನೆಯ ಅಟ್ಟದಲ್ಲಿ ಹೆಂಚಿನ ಸಂದಿಯಿಂದ ಗಾಳಿ ಆಡುತ್ತದೆ. ಇಲ್ಲಿನದು ಮುಚ್ಚಿದ ಪೆಟ್ಟಿಗೆಯಂಥದ್ದು. ಮಧ್ಯಾಹ್ನ ನಾಲ್ಕಕ್ಕೆ ನಮ್ಮ ಅಟ್ಟದ ಗಾಳಿ 136 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 58 ಸೆಲ್ಸಿಯಸ್ ಇತ್ತು. ಎ.ಸಿ.ಯ ತಣ್ಣನೆಯ ಗಾಳಿ ಬರುವ ಡಕ್ಟ್‌ಗಳು ಅದರೊಳಗೇ ಹಾದುಹೋಗುತ್ತವೆ!

ಆ ಬೆಳ್ಳಿ ಬಣ್ಣದ ಹಾಳೆಯ ಹೆಸರು ರೇಡಿಯಂಟ್ ಬ್ಯಾರಿಯರ್, ಅದು ಅಲ್ಯೂಮಿನಿಯಂ ಹಾಳೆ. ಕಾದ ಸೂರಿನಿಂದ ಕೆಳಕ್ಕೆ ಸೂಸುವ ಶಾಖವನ್ನು ಅದು ಬಹುಪಾಲು ತಡೆಯುತ್ತದೆ. ಥರ್ಮಾಸ್ ಫ್ಲಾಸ್ಕಿನ ಒಳಗೆ ಬೆಳ್ಳಿಯಂತೆ ಹೊಳೆಯುವ ಗಾಜು ಮಾಡುವ ಕೆಲಸವೂ ಇದೇ. ಹೊಳೆಯುವ ಮೈಯ ಎದುರು ಕನಿಷ್ಠ ಒಂದು ಅಂಗುಲ ಖಾಲಿ ಜಾಗ ಇರಲೇಬೇಕು. ಆ ಮೈ ಯಾವುದಕ್ಕಾದರೂ ಅಂಟಿಕೊಂಡರೆ ಶಾಖ ನೇರವಾಗಿ ದಾಟಿಬಿಡುತ್ತದೆ. ಹೊಳಪು ಕೆಳಮುಖವಾಗಿ ಇರುವಂತೆ ಸೂರಿನ ತೊಲೆಗಳಿಗೆ ಹೊಡೆಯಬೇಕು. ನೆಲದ ಮೇಲೆ ಹಾಸಿದರೆ ಧೂಳು ಕೂತು ವರ್ಷದಿಂದ ವರ್ಷಕ್ಕೆ ಗುಣ ಕಳೆದುಕೊಳ್ಳುತ್ತದೆ. ಸೂರಿನ ನೆತ್ತಿಯಲ್ಲೂ ಅಂಚಿನಲ್ಲೂ ಗಾಳಿಕಿಂಡಿ ಮುಚ್ಚದಂತೆ ಒಂದಿಷ್ಟು ಜಾಗ ಬಿಡಿ.

ಬಿಸಿಲಿನ ಸೀಮೆಗಳಲ್ಲಿ ಇದರಿಂದ ತಂಪು ಮಾಡುವ ಖರ್ಚು 5ರಿಂದ 10 ಶೇಕಡಾ ಇಳಿಯಬಹುದು ಎಂದು ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ. ಡಕ್ಟ್ ಅಟ್ಟದಲ್ಲಿದ್ದರೆ ಲಾಭ ಹೆಚ್ಚು. ನಮ್ಮ ಆಗಸ್ಟ್ ಬಿಲ್‌ನಲ್ಲಿ ಸುಮಾರು ಇಪ್ಪತ್ತು ಡಾಲರ್ ಉಳಿಯಿತು. ಹಾಳೆ ಹೊಡೆಯುತ್ತೇವೆಂದು ನಮ್ಮ ಮನೆಗೆ ಬಂದವರು ಕೇಳಿದ್ದು ನಾಲ್ಕು ಸಾವಿರ ಡಾಲರ್. ನಾವೇ ರೋಲ್ ತಂದು ಹೊಡೆದಾಗ ಮುನ್ನೂರರ ಒಳಗೆ ಮುಗಿಯಿತು. ನಾಲ್ಕು ಸಾವಿರ ಕೊಟ್ಟಿದ್ದರೆ ಆ ಹಣ ಹುಟ್ಟುವ ಹೊತ್ತಿಗೆ ಮಗಳ ಕಾಲೇಜು ಮುಗಿದಿರುತ್ತಿತ್ತು.

ಆದ್ದರಿಂದ ಮೊದಲ ಖರ್ಚು ಹಾಳೆಗಲ್ಲ. ಚಾವಣಿಯ ದೀಪಗಳ ಸುತ್ತ, ಅಟ್ಟದ ಬಾಗಿಲ ಸುತ್ತ ಗಾಳಿ ಸೋರುವ ಸಂದಿ ಮುಚ್ಚಿಸಿ. ಡಕ್ಟ್‌ನ ಕೀಲುಗಳನ್ನು ನೋಡಿಸಿ; ನಮ್ಮಲ್ಲಿ ಒಂದು ಪೂರ್ತಿ ಕಳಚಿಕೊಂಡು ಅಟ್ಟವನ್ನೇ ತಂಪು ಮಾಡುತ್ತಿತ್ತು. ಇನ್ಸುಲೇಷನ್, ಅಂದರೆ ಅಟ್ಟದ ನೆಲಕ್ಕೆ ಹಾಸುವ ಶಾಖ ತಡೆಯುವ ದಪ್ಪ ಪದರ, ನಿಮ್ಮ ಭಾಗಕ್ಕೆ ಆರ್-49ರಷ್ಟು (ಆರ್ ಎಂದರೆ ಶಾಖ ತಡೆಯುವ ಶಕ್ತಿಯ ಅಳತೆ) ಇದೆಯೇ ಎಂದು ಅಳೆಯಿರಿ. ಅದಾದ ಮೇಲೆ ಹಾಳೆ. ಇನ್ನೊಂದು ಮಾತು, ಹೊಸ ಮನೆಗಳಲ್ಲಿ ಸೂರಿನ ಹಲಗೆಗೇ ಹಾಳೆ ಅಂಟಿಸಿ ಬಂದಿರುವುದುಂಟು. ಟಾರ್ಚ್ ಹಿಡಿದು ನೋಡಿ, ಹೊಳೆದರೆ ನಿಮ್ಮಲ್ಲಿ ಆಗಲೇ ಇದೆ.

ಹಾಳೆ ಹೊಡೆದ ಮೊದಲ ಬೇಸಿಗೆಯಲ್ಲಿ ಮಗಳು ಏಣಿಯ ಮೇಲೆ ನಿಂತು, ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರನ್ನು ಹಾಳೆಯತ್ತ ಹಿಡಿದಳು. 109 ತೋರಿಸಿತು. ಇಷ್ಟು ತಣ್ಣಗೆ ಇರಲು ಸಾಧ್ಯವೇ ಎಂದು ಅವಳಿಗೇ ಅನುಮಾನ ಬಂತು. ಹಾಳೆಗೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದಾಗ 133. ಟೇಪ್ ತೋರಿಸಿದ್ದೇ ಹಾಳೆಯ ನಿಜವಾದ ಬಿಸಿ; ಹೊಳೆಯುವ ಮೈ ತನ್ನ ಶಾಖವನ್ನು ಸೂಸುವುದೇ ಕಡಿಮೆ, ಮೊದಲು ಉಪಕರಣ ಕಂಡದ್ದು ಕೆಳಗಿನ ನೆಲದ ಪ್ರತಿಫಲನವನ್ನು ಎಂದು ವಿವರಿಸಿದೆ. "ಹಾಗಾದರೆ ನನ್ನ ಕೋಣೆ ತಂಪಾಗಿರುವುದೂ ಅದಕ್ಕೇ ಅಲ್ಲವೇ ಅಪ್ಪಾ?" ಎಂದಳು. ಪುಸ್ತಕ ಹಿಡಿದು ಹೇಳಿದ್ದರೆ ನಾನು ಅವಳನ್ನು ಅಲ್ಲಿಯವರೆಗೆ ಮುಟ್ಟಿಸುತ್ತಿರಲಿಲ್ಲ.

ಒಂದು ಎಚ್ಚರಿಕೆಯನ್ನು ಕೈಮುಗಿದು ಹೇಳುತ್ತೇನೆ. ಅಲ್ಯೂಮಿನಿಯಂನಲ್ಲಿ ವಿದ್ಯುತ್ ಹರಿಯುತ್ತದೆ. ಆಸ್ಟ್ರೇಲಿಯಾದಲ್ಲಿ 2009-10ರ ಸರ್ಕಾರಿ ಇನ್ಸುಲೇಷನ್ ಯೋಜನೆಯಲ್ಲಿ ನಾಲ್ವರು ಯುವ ಕೆಲಸಗಾರರು ಸತ್ತರು, ಅವರಲ್ಲಿ ಮೂವರು ವಿದ್ಯುತ್ ತಗುಲಿ. ಸ್ಟೇಪಲ್ ಗನ್ ಹಿಡಿಯುವ ಮೊದಲು ಮನೆಯ ಮುಖ್ಯ ಬ್ರೇಕರ್ ಆಫ್ ಮಾಡಿ, ತಂತಿ ಎಲ್ಲೆಲ್ಲಿ ಹೋಗಿದೆ ನೋಡಿಕೊಳ್ಳಿ.

ಮಿನ್ನೆಸೋಟ, ಮಿಷಿಗನ್, ಕೆನಡಾದಂಥ ಚಳಿ ಸೀಮೆಗಳಲ್ಲಿರುವವರು ಈ ಹಾಳೆಗೆ ಹಣ ಹಾಕಬೇಡಿ. ಅಲ್ಲಿ ಆ ಹಣಕ್ಕೆ ಇನ್ಸುಲೇಷನ್ ಹೆಚ್ಚಿಸಿಕೊಳ್ಳುವುದೇ ಸರಿ.

ಸಹೋದರಿಯವರೇ, ಈಗ ಬೇಸಿಗೆಯಲ್ಲಿ ಅಟ್ಟ ಹತ್ತಬೇಡಿ, ತಲೆ ಸುತ್ತಿ ಬೀಳುವಷ್ಟು ಸೆಕೆ ಇರುತ್ತದೆ. ನವೆಂಬರ್‌ನಲ್ಲಿ ಒಂದು ಶನಿವಾರ ತಿಳಿಸಿ. ನಮ್ಮಲ್ಲಿ ಅರ್ಧ ರೋಲ್ ಮಿಕ್ಕಿದೆ, ಸ್ಟೇಪಲ್ ಗನ್ ಇದೆ. ಬೆಳಿಗ್ಗೆ ಬೇಗ ಬಂದು ಜೊತೆಗೆ ಹೊಡೆದುಕೊಡುತ್ತೇನೆ.