ಪದಚರ್ಚೆ: ‘ಎನ್ವಿರಾನ್‌ಮೆಂಟಲ್ ಸ್ಟೀವರ್ಡ್‌ಶಿಪ್’ಗೆ ‘ಪರಿಸರ ಸಂರಕ್ಷಣೆ’ ಸಾಕೇ?

ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

ಸಲಹಾ ಸಂಸ್ಥೆಗಳು ಕಾರ್ಖಾನೆಗಳಿಗೆ ಕೊಡುವ ಪರಿಸರ ವರದಿಗಳನ್ನು ಕನ್ನಡಕ್ಕೆ ತರುವಾಗ ಮೂರು ಪದಗಳು ಕಾಲಿಗೆ ತೊಡರುತ್ತವೆ: ಸ್ಟೀವರ್ಡ್‌ಶಿಪ್, ವ್ಯಾಲ್ಯೂ, ಮೆಟೀರಿಯಾಲಿಟಿ. ‘ಪರಿಸರ ಸಂರಕ್ಷಣೆಯಲ್ಲಿ ಮೌಲ್ಯವನ್ನು ಕಂಡುಕೊಳ್ಳುವುದು’ ಎಂದು ಬರೆದರೆ ವನಮಹೋತ್ಸವದ ಭಾಷಣದಂತೆ ಕೇಳಿಸುತ್ತದೆ. ವರದಿಯ ಒಳಗಿರುವುದಾದರೋ ಕರೆಂಟು, ನೀರು, ಕಚ್ಚಾ ಮಾಲುಗಳ ಲೆಕ್ಕ. ಮೆಟೀರಿಯಾಲಿಟಿಗೆ ‘ಭೌತಿಕತೆ’ ಎಂದು ಹಾಕಿರುವ ಅನುವಾದಗಳೂ ಇವೆ. ಕುಲುಮೆಯ ಬಳಿ ನಿಂತ ಮೇಲ್ವಿಚಾರಕರಿಗೂ ಆಡಳಿತ ಮಂಡಳಿಗೂ ಒಂದೇ ಅರ್ಥ ಕೊಡುವ ಪದಗಳನ್ನು ಸೂಚಿಸುತ್ತೀರಾ?

ಉತ್ತರ 1

ಮಾನ್ಯರೇ, ಇಲ್ಲಿ ‘ಸಂರಕ್ಷಣೆ’ ಒಗ್ಗುವುದಿಲ್ಲ. ಕಾಡು, ಸ್ಮಾರಕ, ನಾಟಿ ತಳಿ ಮುಂತಾದವನ್ನು ಕೆಡದಂತೆ ಉಳಿಸುವುದಕ್ಕೆ ಆ ಪದ ಸರಿ. ಸ್ಟೀವರ್ಡ್ ಎಂದರೆ ತನ್ನದಲ್ಲದ ಸ್ವತ್ತನ್ನು ನಡೆಸಿಕೊಂಡು ಹೋಗಿ, ಅದರ ಲೆಕ್ಕ ಒಪ್ಪಿಸುವವನು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಮನೆಯ ಕಾವಲುಗಾರ ಎಂಬ ಅರ್ಥವಿತ್ತು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2019ರ ಡಿಸೆಂಬರಿನಲ್ಲಿ ಮ್ಯೂಚುವಲ್ ಫಂಡ್‌ಗಳಿಗೆ ಹೊರಡಿಸಿದ ಸ್ಟೀವರ್ಡ್‌ಶಿಪ್ ಸಂಹಿತೆಯಲ್ಲೂ ಇದೇ ಭಾವವಿದೆ: ಹಣ ಹೂಡಿದವರದು, ನಿಗಾ ಫಂಡಿನದು.

ನಮ್ಮಲ್ಲಿ ಇದಕ್ಕೆ ತೀರ ಹತ್ತಿರದವನು ಕೋಲಾರದ ಕಡೆಯ ಕೆರೆಗಳ ನೀರಗಂಟಿ. ಕೆರೆ ಅವನದಲ್ಲ, ಅಚ್ಚುಕಟ್ಟಿನ ಗದ್ದೆಯೂ ಅವನದಲ್ಲ. ತೂಬು ಎತ್ತುವುದು, ಸರದಿ ಪ್ರಕಾರ ನೀರು ಬಿಡುವುದು, ಕೊರತೆಯ ವರ್ಷ ಇದ್ದ ನೀರನ್ನು ಹಂಚಿ ಪೈರು ದಡ ಮುಟ್ಟಿಸುವುದು ಅವನ ಹೊಣೆ. ಕೂಲಿ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಬರುತ್ತಿತ್ತು. ಆದರೆ ಆ ಪದದಿಂದ ಭಾವನಾಮ ಕಟ್ಟುವುದು ಕಷ್ಟ. ದೇವಸ್ಥಾನದ ಪಾರುಪತ್ತೇಗಾರನಿಂದ ಬಂದ ‘ಪಾರುಪತ್ಯ’ದಲ್ಲಿ ಲೆಕ್ಕ, ನಿರ್ವಹಣೆ, ಪರರ ಸ್ವತ್ತು ಮೂರೂ ಇವೆ. ‘ಪರಿಸರ ಪಾರುಪತ್ಯ’ ನನ್ನ ಮೊದಲ ಆಯ್ಕೆ.

‘ಮೌಲ್ಯ’ದ ತೊಡಕು ಇನ್ನೂ ದೊಡ್ಡದು. ಕನ್ನಡದ ಕಿವಿಗೆ ಅದು ಒಂದೋ ನೀತಿಪಾಠ, ಇಲ್ಲವೇ ಉತ್ತರ ಪತ್ರಿಕೆಯ ಮೌಲ್ಯಮಾಪನ. ಸಲಹೆಗಾರರು ತೋರಿಸಬೇಕಾದದ್ದು ‘ಇದು ಗಿಟ್ಟುತ್ತದೆಯೇ?’ ಎಂಬುದನ್ನು. ಗಿಟ್ಟು ಎನ್ನುವ ಕ್ರಿಯಾಪದ ರೈತರಿಗೂ ವರ್ತಕರಿಗೂ ಗೊತ್ತು. ವಾಕ್ಯವನ್ನೇ ತಿರುಗಿಸಿ ‘ಪರಿಸರದ ಪಾರುಪತ್ಯದಿಂದ ಏನು ಗಿಟ್ಟುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇವೆ’ ಎಂದರೆ ಸಾಕು.

ಆ ಲೆಕ್ಕ ಹೇಗಿರುತ್ತದೆಂದು ತಿಳಿದರೆ ಪದ ತಾನಾಗಿ ಕೂರುತ್ತದೆ. ಬೆಳಗಾವಿಯಲ್ಲಿ ಎರಕದ ಕಾರ್ಖಾನೆಗಳು ಬಹಳ. ಅಂಥದೊಂದರಲ್ಲಿ 1,000 ಕೆ.ಜಿ. ಲೋಹ ಕರಗಿಸಿದರೆ 600 ಕೆ.ಜಿ. ಒಳ್ಳೆಯ ಎರಕ ಸಿಗುತ್ತದೆ ಎನ್ನೋಣ. ಉಳಿದ 400 ಕೆ.ಜಿ. ರನ್ನರ್ (ಅಚ್ಚಿಗೆ ಲೋಹ ಹರಿಸುವ ಕಾಲುವೆಯಲ್ಲಿ ಗಟ್ಟಿಯಾದದ್ದು), ರೈಸರ್ (ಎರಕ ಕುಗ್ಗಿದಾಗ ತುಂಬಲು ಇಟ್ಟ ಹೆಚ್ಚುವರಿ ಲೋಹ), ತಿರಸ್ಕೃತ ಮಾಲಿನ ರೂಪದಲ್ಲಿ ಮತ್ತೆ ಕುಲುಮೆಗೆ ಹೋಗುತ್ತದೆ. ಹಳೆಯ ಲೆಕ್ಕಪದ್ಧತಿಗೆ ಇದು ನಷ್ಟವಾಗಿ ಕಾಣುವುದಿಲ್ಲ, ಏಕೆಂದರೆ ಲೋಹ ಗೇಟು ದಾಟಿಲ್ಲ. ಆದರೆ ಅದನ್ನು ಕರಗಿಸಿದ ಕರೆಂಟು ಹೋಗಿಯೇ ಹೋಯಿತು. ಇಂಡಕ್ಷನ್ ಕುಲುಮೆಗೆ ಟನ್ನಿಗೆ 600 ಯೂನಿಟ್ ಹಿಡಿದರೆ, ಮಾರಾಟವಾಗುವ ಒಂದು ಟನ್ ಎರಕದ ಮೇಲೆ 1,000 ಯೂನಿಟ್ ಬೀಳುತ್ತದೆ. ಶೇ. 60ರ ಇಳುವರಿ ಶೇ. 63ಕ್ಕೆ ಏರಿದರೆ ಅದು 952 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಏಳೂವರೆ ರೂಪಾಯಿಯಂತೆ ಟನ್ನಿಗೆ 360 ರೂಪಾಯಿ ಉಳಿತಾಯ. ಯೂನಿಟ್ಟಿಗೆ ಸುಮಾರು 0.7 ಕೆ.ಜಿ.ಯಂತೆ 34 ಕೆ.ಜಿ. ಇಂಗಾಲದ ಡೈಆಕ್ಸೈಡೂ ತಪ್ಪುತ್ತದೆ. ಈ ಬಗೆಯ ಲೆಕ್ಕಕ್ಕೆ 2011ರಿಂದ ಐಎಸ್‌ಒ 14051 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಜರ್ಮನಿಯಲ್ಲಿ ಹುಟ್ಟಿ ಜಪಾನಿನಲ್ಲಿ ಬಲಿತ ಪದ್ಧತಿ ಅದು. ವ್ಯರ್ಥವಾದದ್ದನ್ನೂ ಒಂದು ‘ಉತ್ಪನ್ನ’ ಎಂದೇ ಹಿಡಿದು ಅದರ ತಲೆಗೂ ಖರ್ಚು ಕಟ್ಟುತ್ತಾರೆ. ಆ ಮಾನದಂಡದಲ್ಲಿ ಬರುವ ಮೆಟೀರಿಯಲ್ ಲಾಸ್‌ಗೆ ‘ಪೋಲು ಮಾಲು’ ಎನ್ನಬಹುದು. ‘ತ್ಯಾಜ್ಯ’ ಎಂದರೆ ಗೇಟಿನಾಚೆ ಎಸೆದದ್ದು ಮಾತ್ರ ನೆನಪಿಗೆ ಬಂದು, ಈ 400 ಕೆ.ಜಿ. ಕಣ್ಣಿಗೇ ಬೀಳುವುದಿಲ್ಲ.

ಗಾಳಿ ಸೋರಿಕೆಯದೂ ಇದೇ ಕಥೆ. ಕಂಪ್ರೆಸರ್ ಲೈನಿನಲ್ಲಿ 7 ಬಾರ್ ಒತ್ತಡಕ್ಕೆ 3 ಮಿ.ಮೀ. ತೂತಿದ್ದರೆ ಸುಮಾರು 3 ಕಿಲೋವ್ಯಾಟ್ ಹೋಗುತ್ತದೆ. ವರ್ಷಕ್ಕೆ 8,000 ಗಂಟೆ ನಡೆದರೆ 24,000 ಯೂನಿಟ್.

ಲೆಕ್ಕ ತಪ್ಪುವ ಜಾಗಗಳು ಅನುವಾದಕರಿಗೂ ಗೊತ್ತಿರಬೇಕು. 2020-21ನ್ನು ಆಧಾರ ವರ್ಷವಾಗಿ ಹಿಡಿದರೆ ಲಾಕ್‌ಡೌನಿನಿಂದ ತಗ್ಗಿದ ಉತ್ಪಾದನೆ ಮುಂದಿನ ಎಲ್ಲ ಹೋಲಿಕೆಯನ್ನೂ ಕೆಡಿಸುತ್ತದೆ. ಮೀಟರು ಮುಖ್ಯ ಲೈನಿಗೊಂದೇ ಇದ್ದರೆ ಕುಲುಮೆಯ ಪಾಲು ಬರೀ ಅಂದಾಜು. ಟನ್ನಿಗಿಷ್ಟು ಎಂಬ ಪ್ರಮಾಣ ಇಳಿದು ಒಟ್ಟು ಬಳಕೆ ಏರಿರುವುದೂ ಉಂಟು. ಇಂಟೆನ್ಸಿಟಿಯನ್ನು ‘ತೀವ್ರತೆ’ ಎಂದು ಅನುವಾದಿಸಿದವರು ಈ ವ್ಯತ್ಯಾಸವನ್ನೇ ಅಳಿಸಿಬಿಡುತ್ತಾರೆ. ಅದಕ್ಕೆ ‘ಟನ್‌ವಾರು ಬಳಕೆ’ ಎಂದೇ ಬರೆಯಬೇಕು.

ಇದನ್ನೆಲ್ಲ ಈಚಿನ ಫ್ಯಾಷನ್ ಎನ್ನುವವರು ಫಾರಂ 5 ನೋಡಲಿ. ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಕಾರ್ಖಾನೆಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕಾದ ಪರಿಸರ ತಖ್ತೆ ಅದು. ಮಾಲಿನ್ಯ ತಗ್ಗಿಸಲು ಕೈಗೊಂಡ ಕ್ರಮದಿಂದ ಉತ್ಪಾದನಾ ವೆಚ್ಚದ ಮೇಲೆ ಏನು ಪರಿಣಾಮವಾಯಿತು ಎಂದು ಅದರಲ್ಲೇ ಕೇಳಿದೆ.

ಉತ್ತರ 2

‘ಗಿಟ್ಟು’ ನೂರಕ್ಕೆ ನೂರು ಒಪ್ಪಿಗೆ. ‘ಪಾರುಪತ್ಯ’ಕ್ಕೆ ನನ್ನ ತಕರಾರಿದೆ. ಪತ್ರಿಕೆಗಳ ಕ್ರೀಡಾಪುಟದಲ್ಲಿ ಅದೀಗ ಮೇಲುಗೈ, ದಬ್ಬಾಳಿಕೆ ಎಂಬರ್ಥಕ್ಕೆ ಜಾರಿದೆ. ‘ಪರಿಸರ ಪಾರುಪತ್ಯ’ ಎಂದರೆ ಪರಿಸರದ ಮೇಲೆ ಅಧಿಕಾರ ಚಲಾಯಿಸಿದಂತೆ ಓದಿಕೊಳ್ಳುವವರು ಇದ್ದಾರೆ. ಜಿಲ್ಲಾ ಉಸ್ತುವಾರಿ ಸಚಿವರಿಂದಾಗಿ ‘ಉಸ್ತುವಾರಿ’ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಲೆಕ್ಕ ಒಪ್ಪಿಸುವ ಭಾವ ತೆಳು. ‘ಪರಿಸರದ ಹೊಣೆಗಾರಿಕೆ’ ಎಂದರೆ ಎರಡೂ ಬರುತ್ತವೆ. ನೀರಿಗೆ ಸಂಬಂಧಿಸಿದ ವರದಿಯಾದರೆ ಮೊದಲ ಪುಟದಲ್ಲಿ ನೀರಗಂಟಿಯ ಉದಾಹರಣೆ ಕೊಟ್ಟೇ ಮುಂದುವರಿಯಿರಿ. ಓದುಗರಿಗೆ ಬೇರೆ ವಿವರಣೆ ಬೇಡ.

ಮೆಟೀರಿಯಾಲಿಟಿಗೆ ‘ಭೌತಿಕತೆ’ ಪೂರ್ತಿ ತಪ್ಪು. ಇಲ್ಲಿ ಮೆಟೀರಿಯಲ್ ಎಂದರೆ ವಸ್ತುವಲ್ಲ, ‘ಲೆಕ್ಕಕ್ಕೆ ಬರುವಂಥದ್ದು’. ಸಲಹೆಗಾರರು ಮೂವತ್ತು ನಲವತ್ತು ವಿಷಯ ಪಟ್ಟಿ ಮಾಡಿ, ಕಾರ್ಮಿಕರು, ಗಿರಾಕಿಗಳು, ಸಾಲ ಕೊಟ್ಟವರು, ಅಕ್ಕಪಕ್ಕದ ಊರಿನವರನ್ನು ಕೇಳಿ ಅಂಕ ಹಾಕುತ್ತಾರೆ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬಂಥವು ಉದುರಿಹೋಗುತ್ತವೆ. ಎರಕದ ಕಾರ್ಖಾನೆಯಲ್ಲಿ ಕರೆಂಟು, ಬಳಸಿದ ಮರಳು, ಹೊಗೆ ಉಳಿಯುತ್ತವೆ. ವ್ಯವಸ್ಥಾಪಕರನ್ನಷ್ಟೇ ಕೇಳಿದರೆ ಮರಳು ಸುರಿಯುವ ಜಾಗದ ಪಕ್ಕದವರ ದೂರು ಪಟ್ಟಿಗೇ ಬರುವುದಿಲ್ಲ. ಆಮೇಲೆ ಆ ದೂರೇ ಕೆಲಸ ನಿಲ್ಲಿಸುತ್ತದೆ. ಶೀರ್ಷಿಕೆಗೆ ‘ಗಣನೀಯತೆ’, ವಾಕ್ಯದೊಳಗೆ ‘ಲೆಕ್ಕಕ್ಕೆ ಬರುವ ವಿಷಯಗಳು’ ಎಂದಿರಲಿ. ಕಂಪನಿಯ ಹಣದ ಮೇಲಿನ ಪರಿಣಾಮವನ್ನೂ ಕಂಪನಿಯಿಂದ ಪರಿಸರದ ಮೇಲಾಗುವ ಪರಿಣಾಮವನ್ನೂ ನೋಡುವ ಯುರೋಪಿನ ಡಬಲ್ ಮೆಟೀರಿಯಾಲಿಟಿಗೆ ‘ಇಬ್ಬದಿಯ ಗಣನೀಯತೆ’ ಒಗ್ಗುತ್ತದೆ.

ಇನ್ನೊಂದು ಮಾತು. 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯವಾದ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ) ವರದಿಯ ಸಂದರ್ಭದಲ್ಲಿ ಬರುವ ಅಶೂರೆನ್ಸ್‌ಗೆ ‘ಖಾತರಿ’ ಬೇಡ. ಪರಿಶೋಧಕರು ಅಂಕಿಗಳನ್ನು ತಾಳೆ ನೋಡಿ ಅಭಿಪ್ರಾಯ ಹೇಳುತ್ತಾರೆ, ಜಾಮೀನು ನಿಲ್ಲುವುದಿಲ್ಲ. ‘ದೃಢೀಕರಣ’ ಸಾಕು.