ಪದ ಬೇಕು, ಇವತ್ತೇ: ‘ದ್ವಿಭಾಷಾ ಕವಿತಾ ವಾಚನ’ ಸರಿಯೇ?

ಧಾರವಾಡದಿಂದ, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ನಾಡಿದ್ದು ನಮ್ಮ ಅನುವಾದ ತರಗತಿಯ ಹುಡುಗರಿಗೆ ಒಂದು ಹಳೆಯ ರೆಕಾರ್ಡಿಂಗ್ ತೋರಿಸುತ್ತಿದ್ದೇವೆ. 1970ರ ಮಾರ್ಚ್ 27ರ ರಾತ್ರಿ ಮಾಂಟ್ರಿಯಲ್‌ನ ಜೆಸು ರಂಗಮಂದಿರದಲ್ಲಿ, ಕೆನಡಾದ ಫ್ರೆಂಚ್ ಮಾತಿನ ಪ್ರಾಂತ್ಯವಾದ ಕ್ವಿಬೆಕ್‌ನ ಕವಿಗಳು ಸೇರಿ ಬೆಳಗಿನ ಜಾವದವರೆಗೆ ಕವಿತೆ ಓದಿದರು. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಸಂಗ್ರಹದಲ್ಲಿ ಅದರ ಚಿತ್ರ ಇದೆ. ಮಿಶೆಲ್ ಲಲೋಂಡ್ ತಮ್ಮ ‘ಸ್ಪೀಕ್ ವೈಟ್’ ಓದುವ ಭಾಗವನ್ನಷ್ಟೇ ಹಾಕುತ್ತೇವೆ. ಕವಿತೆ ಫ್ರೆಂಚ್, ನಡುನಡುವೆ ಇಂಗ್ಲಿಷ್.

ಫ್ಲೆಕ್ಸ್‌ನವರು ನಾಲ್ಕು ಗಂಟೆಯೊಳಗೆ ಮ್ಯಾಟರ್ ಕೊಡಿ ಅಂದಿದ್ದಾರೆ. ‘ದ್ವಿಭಾಷಾ ಕವಿತಾ ವಾಚನ: ಒಂದು ಧ್ವನಿಮುದ್ರಿಕೆ’ ಎಂದು ಬರೆದಿಟ್ಟಿದ್ದೇನೆ. ಓದಿದಾಗೆಲ್ಲ ಏನೋ ತಡೆಯುತ್ತದೆ. ಯಾವ ಪದ ಎಂದು ಹೊಳೆಯುತ್ತಿಲ್ಲ.

ಮೈಸೂರಿನಿಂದ, 10:40

ಧ್ವನಿಮುದ್ರಿಕೆ ಬೇಡ. ಅದು ಗ್ರಾಮಫೋನ್ ತಟ್ಟೆಯ ಕಾಲದ ಪದ, ನಿಮ್ಮದರಲ್ಲಿ ಮುಖವೂ ಕಾಣುತ್ತದೆ. ‘ಚಿತ್ರೀಕರಣ’ ಅನ್ನಿ, ಮುಗಿಯಿತು.

ನನ್ನ ತಕರಾರು ‘ವಾಚನ’ದ ಮೇಲೆ. ಕಾವ್ಯವಾಚನ ಅಂದ ಕೂಡಲೇ ನಮ್ಮ ಕಡೆಯವರ ಕಿವಿಯಲ್ಲಿ ಗಮಕ. ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ವಾಚಿಸುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಹೇಳುತ್ತಾರೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಗೆ ಹೋಗಿ ‘ಸಂಜೆ ವಾಚನ ಇದೆ’ ಅನ್ನಿ, ಕವಿಯೇ ಮೈಕಿನ ಮುಂದೆ ನಿಂತು ತನ್ನ ಪದ್ಯ ಓದುತ್ತಾನೆ ಎಂದು ಒಬ್ಬರೂ ತಿಳಿಯುವುದಿಲ್ಲ. ಗಮಕಿ ಓದುವುದು ಇನ್ನೊಬ್ಬರ ಕಾವ್ಯ. ಇಲ್ಲಿ ಬರೆದವರೇ ಓದುತ್ತಿದ್ದಾರೆ. ‘ಓದು’ ಎಂಬ ಪದ ಇದೆಯಲ್ಲ, ಅದನ್ನೇ ಬಳಸಿ.

ಪುತ್ತೂರಿನಿಂದ, 11:05

‘ಓದು’ ಅಂದಿರಿ, ಸಂತೋಷ. ಹಾಗೇ ‘ದ್ವಿಭಾಷಾ’ವನ್ನೂ ಬಿಡಿ. ಇಮ್ಮಡಿ, ಇಬ್ಬಗೆ, ಇಕ್ಕೆಲ, ಇತ್ತಂಡ ಇರುವ ನುಡಿಗೆ ‘ದ್ವಿ’ ಯಾಕೆ? ‘ಇರ್ನುಡಿ ಓದು’. ಎರಡೇ ಪದ, ಫ್ಲೆಕ್ಸಿನಲ್ಲಿ ದೊಡ್ಡಕ್ಷರಕ್ಕೂ ಜಾಗ ಸಿಗುತ್ತದೆ.

ಮೈಸೂರಿನಿಂದ, 11:20

‘ಇರ್ನುಡಿ’ ಆಗುವುದಿಲ್ಲ. ನೂರು ಸೇರಿದಾಗ ‘ಇನ್ನೂರು’. ಹಾಗೆಯೇ ನುಡಿ ಸೇರಿದರೆ ‘ಇನ್ನುಡಿ’. ಆದರೆ ಹಳಗನ್ನಡದ ‘ಇನ್’ ಅಂದರೆ ಇನಿದು, ‘ಇಂಚರ’ದಲ್ಲಿ ಇರುವುದು ಅದೇ. ಅಲ್ಲಿಗೆ ‘ಇನ್ನುಡಿ’ ಸವಿಮಾತು. ‘ಸ್ಪೀಕ್ ವೈಟ್’ ಎಂಬ ಬೈಗುಳವನ್ನೇ ಹೆಸರಾಗಿಟ್ಟುಕೊಂಡ ಕವಿತೆಗೆ ಸವಿಮಾತು ಅಂತ ಬೋರ್ಡು ಹಾಕುತ್ತೀರಾ?

ಪುತ್ತೂರಿನಿಂದ, 11:31

‘ಇರ್ವರು’ ಹಾಗೇ ನಿಂತಿದೆಯಲ್ಲ? ಹೊಸ ಪದಕ್ಕೆ ಹಳೆಯ ಸಂಧಿಯ ಹಂಗು ಬೇಡ. ಆ ಕ್ವಿಬೆಕ್‌ನವರನ್ನೇ ನೋಡಿ. 1961ರಲ್ಲೇ ಫ್ರೆಂಚ್ ನುಡಿಗೊಂದು ಸರ್ಕಾರಿ ಕಚೇರಿ ತೆರೆದರು. ಈಮೇಲ್‌ಗೆ, ಟಪಾಲು ಎಂಬ ತಮ್ಮ ಪದವನ್ನೇ ತಿರುಗಿಸಿ ‘ಕುರಿಯೆಲ್’ ಅಂತ ಬಳಕೆಗೆ ತಂದರು. 2003ರಲ್ಲಿ ಫ್ರಾನ್ಸ್ ಸರ್ಕಾರವೂ ಅದನ್ನು ಒಪ್ಪಿಕೊಂಡಿತು. ನಮ್ಮಲ್ಲಿ ‘ಮಿಂಚಂಚೆ’ ಅಂದರೆ ಪಂಡಿತರೇ ಮೊದಲು ನಗುತ್ತಾರೆ.

ಮೈಸೂರಿನಿಂದ, 11:44

ನಕ್ಕವನು ನಾನಲ್ಲ. ಕನ್ನಡಕ್ಕೆ ಸಂಸ್ಕೃತ ಬೆರೆಸುವುದನ್ನು ಕಂಡು, ತುಪ್ಪ ಎಣ್ಣೆ ಬೆರೆಸುವುದು ತಕ್ಕುದೇ ಎಂದು ಕೇಳಿದ ಹಳಗನ್ನಡ ಕವಿ ನಯಸೇನನೇ ಆ ಮಾತಿನಲ್ಲಿ ‘ಘೃತ’, ‘ತೈಲ’ ಎಂದು ಸಂಸ್ಕೃತ ಪದ ಬರೆದ. ಇದನ್ನು ಇಲ್ಲಿ ಹಿಂದೆಯೂ ಹೇಳಿದ್ದೇನೆ. ಇನ್ನು ಹೇಳುವುದಿಲ್ಲ.

ಶಿವಮೊಗ್ಗದಿಂದ, 1:15

ಎರಡು ಭಾಷೆ ಬೆರೆತ ಪದ್ಯಕ್ಕೆ ‘ಮಣಿಪ್ರವಾಳ’ ಅನ್ನುವ ಪದ ಸಿದ್ಧವಾಗಿದೆ. ಇಷ್ಟು ಜಗಳ ಯಾಕೆ?

ಮಾಂಟ್ರಿಯಲ್‌ನಿಂದ, ನಿಮ್ಮ ಮಧ್ಯಾಹ್ನ 2:50

ಇಲ್ಲಿ ಇನ್ನೂ ಬೆಳಕು ಹರಿದಿಲ್ಲ, ತಡವಾಗಿ ನೋಡಿದೆ. ಪುತ್ತೂರಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಬೀದಿ ತುದಿಯಲ್ಲಿ ಗಾಡಿ ನಿಲ್ಲಿಸಲು ಹೇಳುವ ಕೆಂಪು ಫಲಕದ ಮೇಲೆ ‘ಅರೆ’ ಎಂಬ ಫ್ರೆಂಚ್ ಪದ ಇದೆ. ಪ್ಯಾರಿಸ್‌ಗೆ ಹೋದರೆ ಅದೇ ಕೆಂಪು ಫಲಕದ ಮೇಲೆ ‘ಸ್ಟಾಪ್’. ಅಲ್ಲಿಯವರಿಗೆ ಆ ಪದ ಚುಚ್ಚುವುದಿಲ್ಲ, ಇಲ್ಲಿಯವರಿಗೆ ಚುಚ್ಚುತ್ತದೆ. ಇಂಗ್ಲಿಷ್ ಎದೆಯ ಮೇಲೆ ಕೂತ ಊರಿನಲ್ಲಿ ಅದರ ಒಂದೊಂದು ಪದವೂ ಭಾರ. ಎರವಲು ತಪ್ಪೋ ಸರಿಯೋ ಎಂದು ವ್ಯಾಕರಣ ಹಿಡಿದು ತೀರ್ಮಾನಿಸಲು ಹೊರಟರೆ ಇದು ಸಿಗುವುದಿಲ್ಲ.

ಮೇಡಂ, ನಿಮ್ಮನ್ನು ತಡೆಯುತ್ತಿರುವ ಪದ ‘ದ್ವಿಭಾಷಾ’. ಅದು ಸಂಸ್ಕೃತ ಎಂಬ ಕಾರಣಕ್ಕಲ್ಲ. ಫ್ರೆಂಚಿನಲ್ಲಿ ಒಂದು ಕವಿತೆ ಓದಿ, ಹಿಂದೆಯೇ ಅದರ ಇಂಗ್ಲಿಷ್ ಅನುವಾದ ಓದುವ ಸಂಜೆಗಳು ಇಲ್ಲಿ ಆಗುತ್ತವೆ. ಅವಕ್ಕೆ ‘ದ್ವಿಭಾಷಾ ಓದು’ ಧಾರಾಳವಾಗಿ ಒಪ್ಪುತ್ತದೆ. ಈ ಕವಿತೆ ಹಾಗಲ್ಲ. ನಾಲ್ಕು ಜನರ ನಡುವೆ ಫ್ರೆಂಚ್ ಆಡಿದವರನ್ನು ‘ಸ್ಪೀಕ್ ವೈಟ್’ ಎಂದು ಗದರುತ್ತಿದ್ದರು. ಬಿಳಿಯರ ಮಾತಾಡು, ಅಂದರೆ ಇಂಗ್ಲಿಷ್ ಆಡು ಎಂದು. ಲಲೋಂಡ್ 1968ರಲ್ಲಿ ಆ ಬೈಗುಳವನ್ನೇ ಪಲ್ಲವಿ ಮಾಡಿಕೊಂಡರು. ಮಿಲ್ಟನ್, ಶೇಕ್ಸ್‌ಪಿಯರ್, ಕೀಟ್ಸ್ ಹೆಸರುಗಳನ್ನು ಗೌರವದಿಂದೆಂಬಂತೆ ಎತ್ತುತ್ತಾರೆ, ಮತ್ತೆ ಅದೇ ಪಲ್ಲವಿ. ಎರಡು ಭಾಷೆ ಅಲ್ಲಿ ಪಕ್ಕಪಕ್ಕ ಕೂತಿಲ್ಲ. ಒಂದು ಮಾತಾಡುತ್ತಿದೆ, ಇನ್ನೊಂದು ಅಪ್ಪಣೆ ಕೊಡುತ್ತಿದೆ. ಶಿವಮೊಗ್ಗದವರಿಗೂ ಇದೇ ಉತ್ತರ: ಮಣಿಯೂ ಹವಳವೂ ಒಂದೇ ದಾರದಲ್ಲಿ ಕೂಡಿ ಚೆಂದ ಕಂಡರೆ ಮಾತ್ರ ಮಣಿಪ್ರವಾಳ.

ಇನ್ನೂ ಒಂದಿದೆ. ಇಂಗ್ಲಿಷ್, ಫ್ರೆಂಚ್ ಎರಡನ್ನೂ ಅಧಿಕೃತ ಮಾಡಿದ ಕೆನಡಾದ ಅಧಿಕೃತ ಭಾಷೆಗಳ ಕಾಯ್ದೆ ಬಂದದ್ದು 1969ರಲ್ಲಿ, ಆ ರಾತ್ರಿಗೆ ಒಂದು ವರ್ಷವೂ ಮುಂಚೆ ಅಲ್ಲ. ‘ದ್ವಿಭಾಷಾ’ ಎಂಬುದು ಆಗ ಒಟ್ಟಾವದ ಕೇಂದ್ರ ಸರ್ಕಾರದ ಬಾಯಲ್ಲಿದ್ದ ಪದ. ನಮ್ಮಲ್ಲಿ ‘ತ್ರಿಭಾಷಾ’ ಅಂದರೆ ಹಿಂದೆಯೇ ‘ಸೂತ್ರ’ ಬಂದು ಕೂರುವುದಿಲ್ಲವೇ, ಹಾಗೆ. ಸರ್ಕಾರದ ಆ ಪದವನ್ನು ಈ ಕವಿತೆಯ ನೆತ್ತಿಗೆ ಅಂಟಿಸಬೇಡಿ.

ಧಾರವಾಡದಿಂದ, 3:35

ಮ್ಯಾಟರ್ ಕಳಿಸಿದೆ. ಹೀಗಿದೆ:

ಫ್ರೆಂಚ್ ಕವಿತೆ, ಇಂಗ್ಲಿಷ್ ಅಪ್ಪಣೆ
ಮಾಂಟ್ರಿಯಲ್, 1970: ಕವಿಯ ಓದು, ಚಿತ್ರೀಕರಣ

ನನ್ನನ್ನು ತಡೆಯುತ್ತಿದ್ದದ್ದು ಅದೇ ಪದ. ಮಾಂಟ್ರಿಯಲ್‌ನವರೇ, ನಾಡಿದ್ದು ಹುಡುಗರಿಗೆ ಮೊದಲು ನಿಮ್ಮ ಆ ಕೆಂಪು ಫಲಕದ ಕಥೆ ಹೇಳಿ ಆಮೇಲೆ ಚಿತ್ರ ಹಾಕುತ್ತೇನೆ.

ಪುತ್ತೂರಿನಿಂದ, 3:48

‘ಚಿತ್ರೀಕರಣ’ ಶೂಟಿಂಗ್ ಮಾಡುವ ಕೆಲಸದ ಹೆಸರು, ಮುಗಿದ ವಸ್ತುವಿಗೆ ಸಲ್ಲದು. ‘ಕವಿಯ ಓದಿನ ಚಿತ್ರ’ ಸಾಕು. ಪ್ರೂಫ್ ಬಂದಾಗ ತಿದ್ದಿ. ಇರ್ನುಡಿಯ ಮಾತು ಇನ್ನೂ ಮುಗಿದಿಲ್ಲ, ರಾತ್ರಿ ಬರೆಯುತ್ತೇನೆ.